ಹನ್ನೊಂದನೇ ನಂಬರ್ ಕಟ್ಟಡದ ಅಧಿಕೃತ ಕಾವಲುಗಾರ

ಶಾಜ್ಲಿ ಕಾಕಾ ಮತ್ತು ಅವನ ಹೆಂಡತಿ ಹಸನಿಯ್ಯಾ ಇಪ್ಪತ್ತೆರಡು ವರ್ಷ ಬಾಳಿದ ಮೆಟ್ಟಿಲ ಕೆಳಗಿನ ಕೋಣೆಯನ್ನು ಗುರುವಾರದೊಳಗೆ ಖಾಲಿ ಮಾಡಬೇಕೆಂದು ಪೊಲೀಸ್ ಠಾಣೆ ಆಜ್ಞೆ ಮಾಡಿತು. ಕೋಣೆ ಕಾವಲುಗಾರನಿಗೆ ಸೇರಿದ್ದು. ಹನ್ನೊಂದನೇ ನಂಬರ್ ಕಟ್ಟಡಕ್ಕೆ ಕಾವಲುಗಾರನೊಬ್ಬ ಸರ್ಕಾರದಲ್ಲಿ ನೋಂದಣಿಯಾಗಿದ್ದಾನೆ. ಆ ಕಾವಲುಗಾರ ಶಾಜ್ಲಿ ಅಲ್ಲ.

ನೋಂದಣಿಯಾದ ಕಾವಲುಗಾರರು ಎರಡನೇ ಮಹಡಿಯ ಉಸ್ತಾದ್ ವಗ್ದಿ. ಶಿಕ್ಷಣ ಇಲಾಖೆಯ ನಿವೃತ್ತ ಹೆಡ್ ಗುಮಾಸ್ತರು, ನಮ್ಮ ಮನೆ ಮಾಲೀಕರ ಸಂಘದ ಅಧ್ಯಕ್ಷರು, ಮತ್ತು ಇಡೀ ಕೈರೋದಲ್ಲಿ ಕಾನೂನಿನ ಮೇಲೆ ನಿಜವಾದ ಪ್ರೇಮವಿದ್ದ ಏಕೈಕ ಗಂಡಸು. ಶುಬ್ರಾ ಬೀದಿಯ ಸಿಗ್ನಲ್ ಒಮ್ಮೆ ಕೆಟ್ಟು ಕೆಂಪಾಗಿಯೇ ನಿಂತುಬಿಟ್ಟಾಗ ಅದರೆದುರು ಒಂದು ನಮಾಜಿನಿಂದ ಇನ್ನೊಂದು ನಮಾಜಿನವರೆಗೆ ನಿಂತಿದ್ದವರು ಅವರು. ಅದೂ ಕಾಲ್ನಡಿಗೆಯಲ್ಲಿ ಹೊರಟಿದ್ದಾಗ. ಕೈಯಲ್ಲಿದ್ದ ಮೊಲೊಕಿಯಾ ಸೊಪ್ಪು ಬಾಡಿ ಬಟ್ಟೆಯಾಗಿತ್ತು. ಅದನ್ನು ಕಂಡ ಹೆಂಡತಿ ಇನ್ಸಾಫ್ ಆಡಿದ ಮಾತು ನಮಗೆ ಐದನೇ ಮಹಡಿಯಲ್ಲೂ ಕೇಳಿಸಿತ್ತು.

ಆ ವರ್ಷ ನಗರದಲ್ಲಿ ಕಳ್ಳತನ ಹೆಚ್ಚಿತು. ಸರ್ಕಾರ ಸಭೆಯ ಮೇಲೆ ಸಭೆ ಸೇರಿ, ದೀರ್ಘವಾಗಿ ಆಲೋಚಿಸಿ, ಬಾಗಿಲು ಕಾಯುವವರನ್ನು ಹಿಡಿದು ಹೆಬ್ಬೆಟ್ಟು ಒತ್ತಿಸುವುದೆಂದು ತೀರ್ಮಾನಿಸಿತು. ಕಳ್ಳರನ್ನೇ ನೋಂದಾಯಿಸಿಕೊಂಡರೆ ಹೇಗೆಂದು ಯಾರೂ ಕೇಳಲಿಲ್ಲ. ಅವರ ಮನೆಯ ಗೇಟಿನಲ್ಲಿ ನಾಯಿಗಳಿರುತ್ತವೆ, ಒಳಗೆ ಹೋಗಿ ಕೇಳುವುದು ಕಷ್ಟ. ನಿಯಮಗಳು ಮಾತ್ರ ಬಲು ಸ್ಪಷ್ಟವಾಗಿದ್ದವು: ಒಂದು ಬಾಗಿಲಿಗೆ ಒಬ್ಬನೇ ಕಾವಲುಗಾರ, ಅವನ ತಲೆಯ ಮೇಲೆ ಟೋಪಿ, ತಪಾಸಣೆಯ ತಂಡ ಬಂದಾಗ ಅವನು ತನ್ನ ಜಾಗದಲ್ಲಿರಬೇಕು. ಆಗ ಇಲ್ಲದವನು ಎಂದೂ ಇರಲೇ ಇಲ್ಲವೆಂದು ಲೆಕ್ಕ.

ಪತ್ರಿಕೆಯಲ್ಲಿ ಇದನ್ನು ಓದಿದ ವಗ್ದಿಯವರ ಮುಖ ಮದುಮಗನ ಮುಖದಂತಾಯಿತು. ಚಹಾ ಅರ್ಧಕ್ಕೆ ಬಿಟ್ಟು ಕೆಳಗೆ ಓಡಿದರು.

"ಕಾಕಾ! ಈ ರಸ್ತೇಲಿ ಮೊದಲು ನೋಂದಣಿ ಆಗೋ ಕಟ್ಟಡ ನಮ್ದೇ ಆಗ್ಬೇಕು. ಎಲ್ಲಿ ನಿನ್ನ ಟೋಪಿ?"

ಶಾಜ್ಲಿ ದೇಶದ ದಕ್ಷಿಣದ ಮೇಲ್ಸೀಮೆಯ ಕೆನಾ ಕಡೆಯವನು. ಎರಡು ದಶಕ ರಾಜಧಾನಿಯ ಧೂಳು ಕುಡಿದರೂ ಅವನ ಊರಿನ ಮಾತು ಸವೆದಿರಲಿಲ್ಲ. "ಟೋಪಿ ಯಾಕ್ರಿ ಉಸ್ತಾದ್? ತಲೀ ಮ್ಯಾಲ ರುಮಾಲ ಐತಲ್ರಿ."

"ಸರ್ಕಾರಕ್ಕೆ ರುಮಾಲು ಕಾಣಲ್ಲ ಕಣಪ್ಪಾ, ಟೋಪಿ ಕಾಣತ್ತೆ."

"ಏಳ್ ಮೊಳ ರುಮಾಲ ಕಾಣಂಗಿಲ್ಲಂದ್ರ ಸರ್ಕಾರಕ್ಕ ಮೊದ್ಲ ಕನ್ನಡಕ ಹಾಕಸ್ರಿ. ಆಮ್ಯಾಲ ನನಗ ಟೋಪಿ ಹಾಕೀರಂತ."

ವಗ್ದಿಯವರು ಜೋಕಿಗೆ ನಗುವವರಲ್ಲ. ಮೂಲೆಯ ದರ್ಜಿಯ ಹತ್ತಿರ ತಮ್ಮ ಖರ್ಚಿನಲ್ಲೇ ಟೋಪಿ ಹೊಲಿಯಲು ಹಾಕಿದರು. ದರ್ಜಿ, ಇವತ್ತು ಕೊಡ್ತೀನಿ ನಾಳೆ ಕೊಡ್ತೀನಿ ಎಂದು ಆಡಿಸುತ್ತಿರುವಾಗಲೇ ಠಾಣೆಯಿಂದ ಸುದ್ದಿ ಬಂತು: ತಂಡ ಶುಕ್ರವಾರ ಬೆಳಿಗ್ಗೆ ಬರುತ್ತದೆ. ರಜೆಯ ದಿನವೂ ನಮ್ಮ ಸರ್ಕಾರ ಕೆಲಸಕ್ಕೆ ಹೊರಟಿತೆಂದರೆ ಬಡವರಿಗೆ ಸಂಬಂಧಪಟ್ಟ ಏನೋ ತುರ್ತು ಇದೆಯೆಂದೇ ಅರ್ಥ.

ಶುಕ್ರವಾರ ಬೆಳಿಗ್ಗೆ ವಗ್ದಿಯವರು ಕೆಳಗಿಳಿದು ನೋಡುತ್ತಾರೆ, ಶಾಜ್ಲಿಯ ತಲೆಯ ಮೇಲೆ ಅದೇ ರುಮಾಲು!

"ಟೋಪಿ?"

"ದರ್ಜಿ ಇನ್ನೂ ಕೊಟ್ಟಿಲ್ರಿ."

"ಓಡು! ಅವನ ಮನೆಗೇ ಹೋಗಿ ಎಬ್ಬಿಸಿ ತಗೊಂಡ್ ಬಾ!"

"ಮತ್ತ ಬಾಗಲಾ? ಅಷ್ಟರಾಗ ಅವ್ರು ಬಂದ್ರ?"

"ನಾನು ಕೂತಿರ್ತೀನಿ. ಜಾಗ ಖಾಲಿ ಇರ್ಬಾರ್ದು ಅಷ್ಟೇ ತಾನೇ ನಿಯಮ? ಓಡು ಅಂದ್ನಲ್ಲ!"

ಕಾವಲುಗಾರ ತನ್ನ ಜಾಗದಲ್ಲಿರಬೇಕೆಂಬ ಕಾನೂನನ್ನು ಪಾಲಿಸಲು ಬೇಕಾದ ಟೋಪಿಗಾಗಿ ಕಾವಲುಗಾರ ತನ್ನ ಜಾಗ ಬಿಟ್ಟು ಓಡಿದ. ಅಧ್ಯಕ್ಷರು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತರು.

ಇಲ್ಲಿ ಒಂದು ಮಾತು ಹೇಳಬೇಕು. ವಾರವಿಡೀ ಪ್ಯಾಂಟು, ಕೋಟು. ಶುಕ್ರವಾರ ಮಾತ್ರ ಕಣಕಾಲು ಮುಟ್ಟುವ ಬಿಳಿ ನಿಲುವಂಗಿ ಗಲಾಬಿಯ್ಯಾ, ಕಾಲಿಗೆ ಚಪ್ಪಲಿ. ಇದು ನಮ್ಮ ದೇಶದ ಗುಮಾಸ್ತರ ಧರ್ಮ. ಗಲಾಬಿಯ್ಯಾ ತೊಟ್ಟು ಬಾಗಿಲ ಬೆಂಚಿನ ಮೇಲೆ ಕೂತವನು ಕಾವಲುಗಾರ. ಇದು ನಮ್ಮ ದೇಶದ ಸಮಸ್ತರ ಧರ್ಮ. ಈ ಎರಡೂ ಧರ್ಮಗಳು ಒಂದೇ ಬೆಂಚಿನ ಮೇಲೆ ಕೂಡಿದ ಹೊತ್ತಿಗೆ ಸರಿಯಾಗಿ ಪೊಲೀಸ್ ಜೀಪು ಬಂದು ನಿಂತಿತು.

ಇಳಿದವನು ಕ್ಯಾಪ್ಟನ್ ಬಹಾ. ಮೀಸೆ ಇನ್ನೂ ಚಿಗುರುತ್ತಿದೆ, ಕಪ್ಪು ಕನ್ನಡಕ ಮಾತ್ರ ಬಲಿತಿದೆ. ಹಿಂದೆ ಶಾಯಿಯ ಡಬ್ಬಿ ಹಿಡಿದ ದಫೇದಾರ.

"ಈ ಬಾಗಿಲಿಗೆ ಯಾರು?" ಎಂದ ಕ್ಯಾಪ್ಟನ್.

"ನಾನೇ, ಪಾಷಾ!" ವಗ್ದಿಯವರು ಎದೆಯುಬ್ಬಿಸಿ ನಿಂತರು. ಪೊಲೀಸ್ ಅಧಿಕಾರಿಗಳನ್ನು ನಮ್ಮಲ್ಲಿ ಪಾಷಾ ಎಂದೇ ಕರೆಯುವುದು.

"ಎಷ್ಟು ವರ್ಷದಿಂದ?"

"ಈ ಕಟ್ಟಡ ಎದ್ದಾಗಿನಿಂದ. ನನಗೆ ಗೊತ್ತಿಲ್ದೆ ಇಲ್ಲಿ ಒಂದು ಬೆಕ್ಕೂ ಮೆಟ್ಟಿಲು ಹತ್ತಲ್ಲ."

"ಎಲ್ಲಾ ಬಾಗಿಲಲ್ಲೂ ಇದೇ ಮಾತು," ಎಂದು ದಫೇದಾರ ಆಕಳಿಸಿದ.

"ಮನೆಯೋರ ಮೇಲೆ ಕಣ್ಣಿಟ್ಟಿದೀಯೋ?" ಎಂದು ಕ್ಯಾಪ್ಟನ್ ಮುಂದುವರಿಸಿದ.

ಏಕವಚನ ವಗ್ದಿಯವರಿಗೆ ಚುಚ್ಚಿತು. ಆದರೆ ಪೊಲೀಸರು ಸಲಿಗೆಯಿಂದ ಮಾತಾಡಿಸುವುದು ದೊಡ್ಡ ಗೌರವವೆಂದು ಅವರು ಎಲ್ಲೋ ಕೇಳಿದ್ದರು. "ಒಬ್ಬೊಬ್ಬರ ಮೇಲೂ, ಪಾಷಾ! ಮೂರನೇ ಮಹಡಿ ಡಾಕ್ಟರು ಕಸದ ಚೀಲ ತಡವಾಗಿ ಇಡ್ತಾರೆ. ಐದನೇ ಮಹಡಿ ಇಖ್ಬಾಲ್ ಮೇಡಂ ಬಟ್ಟೆ ಹಿಂಡದೇ ಒಣಗಿಸ್ತಾರೆ, ನೀರೆಲ್ಲ ಕೆಳಗಿನೋರ ತಲೆ ಮೇಲೆ."

"ಇಂಥೋರು ಬೇಕು ನಮಗೆ," ಎಂದು ಕ್ಯಾಪ್ಟನ್ ಬೆನ್ನು ತಟ್ಟಿದ. ದಫೇದಾರ ಫೋಟೋ ತೆಗೆದು, ಗುರುತಿನ ಚೀಟಿಯಿಂದ ಹೆಸರಷ್ಟನ್ನು ಗೀಚಿಕೊಂಡು, ಹೆಬ್ಬೆರಳು ಹಿಡಿದು ಶಾಯಿಗೆ ಅದ್ದಿದ.

"ನಾನು ಸಹಿ ಮಾಡ್ತೀನಲ್ಲ," ಎಂದರು ವಗ್ದಿ.

"ನಿಮ್ಮೋರದೆಲ್ಲ ಹೆಬ್ಬೆಟ್ಟೇ," ಎಂದ ದಫೇದಾರ.

'ನಿಮ್ಮೋರು' ಎಂದರೆ ಸಂಘದ ಅಧ್ಯಕ್ಷರುಗಳು ಎಂದು ವಗ್ದಿಯವರು ಅರ್ಥ ಮಾಡಿಕೊಂಡರು. ಜೀಪು ಹೋದ ಮೇಲೆ ಶಾಜ್ಲಿ ಏದುಸಿರು ಬಿಡುತ್ತ ಬಂದ, ಕೈಯಲ್ಲಿ ಟೋಪಿ.

"ಬಂದಿದ್ರೇನ್ರಿ?"

"ಬಂದು ಹೋದ್ರು. ಎಲ್ಲಾ ಚೆನ್ನಾಗಿ ಮುಗೀತು."

"ಮತ್ತ ನನ್ನ ಹೆಬ್ಬಟ್ಟು?"

"ನಿಂದು ಬೇಕಾಗ್ಲೇ ಇಲ್ಲ ಮಾರಾಯ! ಕಟ್ಟಡದ ಪರವಾಗಿ ನಾನೇ ಒತ್ತಿದೀನಿ. ನೋಡು, ಕಾನೂನು ಎಷ್ಟು ಸುಲಭ!"

ಭಾನುವಾರ ಸಂಜೆ ಠಾಣೆಯಿಂದ ಲಕೋಟೆ ಬರುತ್ತದೆಂದು ತಿಳಿದು ಅಧ್ಯಕ್ಷರು ಬಾಗಿಲಲ್ಲೇ ಸಮಾರಂಭ ಏರ್ಪಡಿಸಿದರು. ಪ್ರಶಂಸಾ ಪತ್ರವೇ ಇರಬೇಕೆಂದು ಅವರ ಅಂದಾಜು. ಇನ್ಸಾಫ್ ಗುಲಾಬಿ ಶರಬತ್ತು ಮಾಡಿದಳು. ಕುರ್ಚಿಗಳು ಬಂದವು, ಎದುರಿನ ಕಾಫಿ ಅಂಗಡಿಯವರು ಪಗಡೆ ಬಿಟ್ಟು ಬಂದರು. ದಫೇದಾರ ಲಕೋಟೆ ಹಿಡಿದು ಬರುತ್ತಲೇ ಹೆಂಗಸರು ಮದುವೆಯಲ್ಲಿ ಮಾಡುವಂತೆ ನಾಲಿಗೆ ಹೊರಳಿಸಿ ಕೂಗು ಹಾಕಿದರು. ಲಕೋಟೆಯಿಂದ ಒಂದು ಹಿತ್ತಾಳೆಯ ಬಿಲ್ಲೆ ಬಿತ್ತು. ಒಂದು ಸೀಟಿ ಬಿತ್ತು. ಆಮೇಲೆ ಫೋಟೋ ಇದ್ದ ಒಂದು ಕಾರ್ಡು.

"ನೀವೇ ಓದಿ, ಡಾಕ್ಟ್ರೇ. ನಾನೇ ನನ್ನ ಹೊಗಳಿಕೆ ಓದ್ಕೊಂಡ್ರೆ ಚೆನ್ನಾಗಿರಲ್ಲ," ಎಂದು ವಗ್ದಿಯವರು ಕಾರ್ಡನ್ನು ಮೂರನೇ ಮಹಡಿಯ ಹಲ್ಲಿನ ಡಾಕ್ಟರ್ ರಮ್ಸೀಸರ ಕೈಗೆ ಕೊಟ್ಟು ಕಣ್ಣು ಮುಚ್ಚಿಕೊಂಡರು.

ಡಾಕ್ಟರು ಗಂಟಲು ಸರಿಮಾಡಿಕೊಂಡು ಎತ್ತರದ ದನಿಯಲ್ಲಿ ಶುರು ಮಾಡಿದರು. "ಹೆಸರು: ವಗ್ದಿ ಶಫೀಕ್ ಅಲ್ ಅತ್ತಾರ್! ವೃತ್ತಿ: ಕಟ್ಟಡದ ಕಾವಲು. ವಿದ್ಯಾಭ್ಯಾಸ: ಹೆಬ್ಬೆಟ್ಟು."

ಹೆಸರು ಕೇಳುತ್ತಲೇ ಮತ್ತೆ ಎದ್ದಿದ್ದ ಕೂಗು ಅರ್ಧಕ್ಕೆ ನಿಂತಿತು. ಕಿವಿ ಮಂದವಾದ ಇಖ್ಬಾಲ್ ಮೇಡಂ ಮಾತ್ರ ಒಬ್ಬರೇ ಇನ್ನೂ ಸ್ವಲ್ಪ ಹೊತ್ತು ಮುಂದುವರಿಸಿದರು. ಇನ್ಸಾಫಳ ಕೈಯಿಂದ ಶರಬತ್ತಿನ ತಟ್ಟೆ ಜಾರಿತು. ಕಾಫಿ ಅಂಗಡಿಯವರಲ್ಲಿ ಒಬ್ಬ ನಗಲು ನೆಲದ ಮೇಲೆ ಕೂತ, ಏಳಲು ಇಬ್ಬರು ಬೇಕಾದರು.

"ಇದು ತಪ್ಪು! ನನಗೆ ಇಲಾಖೆಯಲ್ಲಿ ಮೂವತ್ತು ವರ್ಷ ಸೇವೆ!" ಎಂದು ವಗ್ದಿಯವರು ಕೂಗುತ್ತಿದ್ದರು.

"ಎರಡನೇ ಕಾಗದ ಓದಿಲ್ಲ ನೀವು," ಎಂದು ದಫೇದಾರ ತಾನೇ ಓದಿದ. ಅದು ಕೋಣೆ ಖಾಲಿ ಮಾಡಿಸುವ ಆಜ್ಞೆ. ಶಾಜ್ಲಿ ಎಂಬ ನೋಂದಣಿಯಾಗದ ವ್ಯಕ್ತಿ ಕಾವಲುಗಾರನ ಕೋಣೆಯಲ್ಲಿ ಅಕ್ರಮವಾಗಿ ವಾಸವಾಗಿದ್ದಾನೆ. ಗುರುವಾರದೊಳಗೆ ಹೊರಡಬೇಕು. ಹೊರಡದಿದ್ದರೆ ಸಾಮಾನು ರಸ್ತೆಗೆ, ಅವನು ಠಾಣೆಗೆ.

ಖಾಲಿ ಲೋಟಗಳನ್ನು ಆರಿಸಿಕೊಳ್ಳುತ್ತಿದ್ದ ಶಾಜ್ಲಿ ಬಗ್ಗಿದವನು ಬಗ್ಗಿದಂತೆಯೇ ನಿಂತ. ಆದರೆ ಎಲ್ಲರ ಕಣ್ಣು ವಗ್ದಿಯವರ ಕಾರ್ಡಿನ ಮೇಲಿತ್ತು. ಆ ಸಂಜೆ ನಮ್ಮ ಕಟ್ಟಡ ನಕ್ಕಷ್ಟು ನಗುವನ್ನು ನಾಲ್ಕು ಮದುವೆಗೆ ಹಂಚಬಹುದಿತ್ತು. ಒಬ್ಬ ಗುಮಾಸ್ತ ಕಾವಲುಗಾರನಾದದ್ದು ನಮಗೆ ದುರಂತದಂತೆ ಕಂಡಿತು. ಒಬ್ಬ ಕಾವಲುಗಾರ ಬೀದಿಗೆ ಬೀಳುವುದು ಹವಾಮಾನದಂತೆ ಕಂಡಿತು.

ಸೋಮವಾರ ಬೆಳಿಗ್ಗೆ ಐದನೇ ಮಹಡಿಯ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಯಿತು. ಇಳಿದು ಇಳಿದು, ಎರಡನೇ ಮಹಡಿಯ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದ ವಗ್ದಿಯವರ ಮೂಗಿನ ಮುಂದೆ ನಿಂತಿತು.

"ಉಸ್ತಾದ್ ವಗ್ದೀ!" ಎಂದು ಇಖ್ಬಾಲ್ ಮೇಡಂ ಮೇಲಿನಿಂದ ಕೂಗಿದರು. "ತಪ್ಪು ತಿಳ್ಕೋಬೇಡಿ, ಕಾನೂನು ಅಂದ್ರೆ ಕಾನೂನು. ಎರಡು ಕಿಲೋ ಟೊಮೆಟೊ!"

"ಮೇಡಂ, ನಾನು ಸಂಘದ ಅಧ್ಯಕ್ಷ!" ಎಂದು ವಗ್ದಿಯವರು ಆ ಮಂದ ಕಿವಿಗೂ ಮುಟ್ಟುವಂತೆ ಅರಚಿದರು.

"ಅಧ್ಯಕ್ಷರೇ, ಗಟ್ಟಿಯಾಗಿರೋದು ನೋಡಿ ತನ್ನಿ. ಮತ್ತೆ, ನಾನು ಬಟ್ಟೆ ಹಿಂಡಲ್ಲ ಅಂತ ಪೊಲೀಸರಿಗೆ ಹೇಳಿದ್ರಂತೆ? ಬೇಗ ತನ್ನಿ!"

ಡಾಕ್ಟರ್ ರಮ್ಸೀಸರು ಕಾರಿನ ಬಾಗಿಲು ತೆರೆದು ನಿಂತು, ಕಾರು ತೊಳೆಯುವುದು ಅಧಿಕೃತ ಕಾವಲುಗಾರರ ಕೆಲಸವೋ ಅಲ್ಲವೋ ಎಂದು ಬಲು ವಿನಯದಿಂದ ವಿಚಾರಿಸಿದರು. ಮಧ್ಯಾಹ್ನ ಇನ್ಸಾಫಳ ಅಕ್ಕ ಕಪ್ಪು ಬಟ್ಟೆ ಉಟ್ಟು ಬಂದಳು. ತಂಗಿಯನ್ನು ತಬ್ಬಿಕೊಂಡಳು, ಸೋಫಾದ ತುದಿಯಲ್ಲಿ ಕೂತಳು, ಸಕ್ಕರೆ ಹಾಕದ ಕಾಫಿ ಕೇಳಿದಳು. ನಮ್ಮಲ್ಲಿ ಸಾವಿನ ಮನೆಯಲ್ಲಿ ಹಾಗೆ ಕುಡಿಯುತ್ತಾರೆ.

"ಅಕ್ಕಾ, ಅವರು ಬದುಕೇ ಇದಾರೆ!" ಎಂದಳು ಇನ್ಸಾಫ್.

"ದೇವರು ನಿನಗೆ ತಾಳ್ಮೆ ಕೊಡ್ಲಿ. ಬದುಕಿದ್ದು ಇದನ್ನೆಲ್ಲ ನೋಡ್ಬೇಕಲ್ಲ," ಎಂದಳು ಅಕ್ಕ.

ಮಂಗಳವಾರ ವಗ್ದಿಯವರು ಕೋಟು, ಟೈ, ಸೇವಾ ಪದಕ ಎಲ್ಲ ತೊಟ್ಟು ಠಾಣೆಗೆ ಹೋದರು. ಜೊತೆಗೆ ಇನ್ಸಾಫ್ ಕೂಡ ಹೋದಳು. ಒಬ್ಬರನ್ನೇ ಬಿಟ್ಟರೆ ಇನ್ನೇನಕ್ಕೆ ಹೆಬ್ಬೆಟ್ಟು ಒತ್ತಿ ಬರುತ್ತಾರೋ ಎಂಬ ಭಯ.

ಕ್ಯಾಪ್ಟನ್ ಬಹಾ ಪದಕ ನೋಡಿ, ಕಾರ್ಡು ನೋಡಿ, ಪುನಃ ಪದಕ ನೋಡಿದ. ಈ ಸಲ ಬಹುವಚನ ಬಂತು. "ಕೂತ್ಕೊಳ್ಳಿ ಉಸ್ತಾದ್. ಹೆಸರು ತೆಗೀಬಹುದು. ಆದ್ರೆ ಒಂದು ತೊಂದರೆ ಇದೆ. ತಪ್ಪು ನಡೆದಿದೆ ಅಂತಾದ್ರೆ ತಪ್ಪು ಮಾಡಿದೋನು ಒಬ್ಬ ಬೇಕಲ್ಲ?"

"ಬೇಕು," ಎಂದು ವಗ್ದಿಯವರು ಒಪ್ಪಿದರು. ಇಲಾಖೆಯಲ್ಲೂ ಹಾಗೇ ನಡೆಯುತ್ತಿತ್ತು.

"ನಾನಂತೂ ಅಲ್ಲ. ದಫೇದಾರ ಅಲ್ಲ, ಅವನು ಬರೆದಿದ್ದಕ್ಕೆ ನಾನು ಸಹಿ ಹಾಕಿದೀನಿ. ಸರ್ಕಾರ ಅಲ್ಲ, ಅದು ಎಲ್ಲರಿಗೂ ಗೊತ್ತು. ನೀವು?"

"ಅಯ್ಯೋ, ಇವರಲ್ಲ!" ಎಂದಳು ಇನ್ಸಾಫ್.

"ಇನ್ನುಳಿದೋನು ಒಬ್ಬನೇ. ಆ ಶಾಜ್ಲಿ ನೋಂದಣಿ ತಪ್ಪಿಸ್ಕೊಳ್ಳೋಕೆ ಬೇಕಂತಲೇ ತಲೆಮರೆಸಿಕೊಂಡ, ನಿಮ್ಮನ್ನ ಮೋಸದಿಂದ ಬೆಂಚಿನ ಮೇಲೆ ಕೂರಿಸಿ ಹೋದ. ಹೀಗೆ ಒಂದು ಹೇಳಿಕೆ ಕೊಟ್ಬಿಡಿ. ಅಲ್ಲಿಗೆ ಮುಗೀತು."

"ಆದ್ರೆ ಪಾಷಾ, ಅವನನ್ನ ಕಳಿಸಿದ್ದು ನಾನೇ. ಟೋಪಿ ತರೋಕೆ."

"ಯಾವ ಟೋಪಿ?"

"ನೀವು ಹಾಕ್ಕೋಬೇಕು ಅಂದಿದ್ರಲ್ಲ, ಆ ಟೋಪಿ."

ಕ್ಯಾಪ್ಟನ್ ಕನ್ನಡಕ ತೆಗೆದು ಒರೆಸಿದ. "ಅದನ್ನ ಹೇಳಿಕೆಯಲ್ಲಿ ಹೇಳ್ಬೇಡಿ."

"ಶಾಜ್ಲಿಗೆ ಏನಾಗತ್ತೆ?"

"ಏನಾಗತ್ತೆ? ಸ್ವಲ್ಪ ದಿನ ನಮ್ಮ ಅತಿಥಿ. ಕೋಣೆ ಹೇಗೂ ಖಾಲಿಯಾಗತ್ತೆ. ನಿಮ್ಮ ಬಾಗಿಲಿಗೆ ನಾವೇ ಒಬ್ಬನನ್ನ ಕೊಡ್ತೀವಿ. ಒಳ್ಳೇ ಹುಡುಗ, ಕಿವಿ ಚುರುಕು. ಯಾರ ಮನೇಲಿ ಯಾರು ಏನು ಮಾತಾಡಿದ್ರು ಅಂತ ಸಂಜೆ ಸಂಜೆ ಬಂದು ಹೇಳ್ತಾನೆ. ಗುರುವಾರ ನಾನೇ ಬರ್ತೀನಿ, ಹೇಳಿಕೆ ಅಲ್ಲೇ ಕೊಡಿ."

ದಾರಿಯುದ್ದಕ್ಕೂ ಇನ್ಸಾಫ್ ಬಡಿದುಕೊಂಡಳು. "ಸಹಿ ಹಾಕಿ ಅಂದ್ರೆ ಹಾಕಿ! ಜೀವನವಿಡೀ ಬೇರೆಯೋರು ಬರೆದಿದ್ದಕ್ಕೇ ಸಹಿ ಹಾಕ್ಕೊಂಡ್ ಬಂದೋರು, ಇವತ್ತೊಂದು ದಿನ ಬೆರಳಿಗೇನು ಲಕ್ವ ಹೊಡೀತಾ?"

ಬುಧವಾರ ವಗ್ದಿಯವರು ಶಾಜ್ಲಿಗೆ ವಿಷಯ ತಿಳಿಸಲು ಕೆಳಗಿಳಿದರು. ಗಂಟು ಕಟ್ಟುತ್ತಿದ್ದ ಹಸನಿಯ್ಯಾ ಸೊಂಟಕ್ಕೆ ಕೈಯಿಟ್ಟು ನಿಂತಳು. ಗಂಡ ತಗ್ಗಿದ ತಲೆಯವನು. ಆ ಕೊರತೆಯನ್ನೆಲ್ಲ ಇವಳು ತುಂಬಿಕೊಟ್ಟಿದ್ದಳು.

"ಬರ್ರಿ ಬರ್ರಿ, ಅಧಿಕೃತ ಕಾವಲುಗಾರ್ರು! ನಮ್ಮ ಭಾಂಡೆ ನೀವ ಹೊರಗ ಒಗೀತೀರೋ, ನಾನ ಒಗೀಲ್ಯೋ? ಒಳಗ ಬಂದು ನಿಮ್ಮನಿ ನೋಡ್ರಿ. ಸರ್ಕಾರದ ಲೆಕ್ಕದಾಗ ಇದು ನಿಮ್ಮನಿ."

ಇಷ್ಟು ವರ್ಷದಲ್ಲಿ ಆ ಕೋಣೆಯೊಳಗೆ ಅಧ್ಯಕ್ಷರು ಕಾಲಿಟ್ಟದ್ದು ಅದೇ ಮೊದಲು. ತಲೆ ಎತ್ತಿದರು, ಮೆಟ್ಟಿಲ ತಳ ಹಣೆಗೆ ಬಡಿಯಿತು. ಕೂತರು, ಮೊಣಕಾಲು ಒಲೆಗೆ ತಾಗಿತು. ಮಂಚದ ಒಂದು ತುದಿಯಲ್ಲಿ ನೀರಿನ ಪಂಪು, ಇನ್ನೊಂದು ತುದಿಯಲ್ಲಿ ದಿಂಬು. ಮೇಲೆ ದಡದಡ ಸದ್ದಾಯಿತು.

"ಏನದು?" ಎಂದು ಬೆಚ್ಚಿದರು.

"ಡಾಕ್ಟ್ರು ಇಳ್ಯಾಕತ್ತಾರ್ರಿ," ಎಂದ ಶಾಜ್ಲಿ. "ಅವ್ರು ಹಗರ."

"ನಾನು ಇಳಿದ್ರೆ?"

ಶಾಜ್ಲಿ ಹೆಂಡತಿಯ ಮುಖ ನೋಡಿದ. ಹಸನಿಯ್ಯಾ ಹೇಳಿದಳು: "ನೀವ್ ಇಳದ್ರ ಸುಣ್ಣ ಉದರ್ತದ್ರಿ. ನಿಮ್ಮ ಕೆಮ್ಮು ಕೇಳಿದ ಕೂಡ್ಲೆ ಅನ್ನದ ಮ್ಯಾಲ ತಾಟ ಮುಚ್ತೀನಿ. ಇಪ್ಪತ್ತೆರಡು ವರ್ಷ ಮುಚ್ಚೇನಿ."

"ಹೋಗ್ಲಿ ಬಿಡ, ಅವ್ರಿಗೇನ ಅಂತಿ," ಎಂದು ಶಾಜ್ಲಿ ಗದರಿ, ವಗ್ದಿಯವರ ಕಡೆ ತಿರುಗಿದ. "ಉಸ್ತಾದ್, ಇನ್ಸಾಫ್ ಮೇಡಂ ಎಲ್ಲಾ ಹೇಳ್ಯಾರ. ನೀವ್ ಹೇಳಿಕಿ ಕೊಟ್ಟ ಬಿಡ್ರಿ. ನಾ ಜೇಲಿಗೆ ಹೋಗ್ತೀನಿ. ಇಕಿನ್ನ ಮಾತ್ರ ಇಲ್ಲೇ ಇರಗೊಡ್ರಿ. ಊರಾಗ ನಮಗ ಗೋಡಿ ಸೈತ ಉಳದಿಲ್ಲ."

ವಗ್ದಿಯವರು ತಟ್ಟನೆ ಎದ್ದರು. ಹಣೆ ಮತ್ತೊಮ್ಮೆ ಬಡಿಯಿತು. ಆ ದಿನ ಮೊಟ್ಟಮೊದಲ ಬಾರಿಗೆ, ತುದಿಗಾಲಲ್ಲಿ ಮೆಟ್ಟಿಲು ಹತ್ತಿದರು.

ಗುರುವಾರ ಬಿಸಿಲೇರುವ ಮೊದಲೇ ಇಡೀ ರಸ್ತೆ ತುಂಬಿತ್ತು. ಕಾಫಿ ಅಂಗಡಿಯವರು ಕುರ್ಚಿಗಳನ್ನು ನಮ್ಮ ಕಟ್ಟಡದ ಕಡೆ ತಿರುಗಿಸಿದ್ದರು. ಬಾಲ್ಕನಿಗಳಲ್ಲಿ ಜಾಗವಿರಲಿಲ್ಲ. ಜೀಪು ಬಂತು, ಅದರ ಹಿಂದೆ ಸಾಮಾನು ಹೇರಲು ಒಂದು ಖಾಲಿ ಗಾಡಿಯೂ ಬಂತು. ಕ್ಯಾಪ್ಟನ್ ಬಹಾ ಕಬ್ಬಿಣದ ಗೇಟು ತಳ್ಳಿದ. ಅದು ಅಲುಗಲಿಲ್ಲ. ಒಳಗಿನಿಂದ ಸರಪಳಿ ಸುತ್ತಿ ಬೀಗ ಹಾಕಿತ್ತು. ಬೀಗದ ಆಚೆ ಕೋಟು, ಟೈ, ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ ಸಿಕ್ಕಿಸಿಕೊಂಡು ಉಸ್ತಾದ್ ವಗ್ದಿ ನಿಂತಿದ್ದರು. ಒಂದು ಕೈ ಸರಪಳಿಯನ್ನು ಹಿಡಿದಿತ್ತು.

"ಹೇಳಿಕೆ ತಂದಿದೀನಿ ಉಸ್ತಾದ್. ಸಹಿ ಹಾಕಿ, ಗೇಟು ತೆಗೀರಿ."

"ಯಾವ ಮನೆಗೆ ಬಂದಿದ್ದು?" ಎಂದರು ವಗ್ದಿ.

"ಏನು?"

"ಯಾರನ್ನ ನೋಡ್ಬೇಕಿತ್ತು ಅಂತ ಕೇಳ್ದೆ."

"ರೀ, ನಾನು ಯಾರು ಅಂತ ಗೊತ್ತಿಲ್ವಾ ನಿಮಗೆ?"

"ಯಾರಾದ್ರೂ ಆಗಿರಿ ಪಾಷಾ. ಮನೆಯೋರು ಕರೆದಿದಾರಾ?"

"ವಗ್ದೀ!" ಎರಡನೇ ಮಹಡಿಯಿಂದ ಇನ್ಸಾಫ್ ಚೀರಿದಳು. "ಹುಚ್ಚು ಹಿಡೀತಾ? ಮೇಲೆ ಬನ್ನಿ!"

ವಗ್ದಿಯವರು ಅವಳತ್ತ ನೋಡಲಿಲ್ಲ. ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಮೇಲಿನ ಮಹಡಿಗಳಿಗೆ ಕೇಳುವಂತೆ ಕೂಗಿದರು: "ಇವರನ್ನ ಯಾರಾದ್ರೂ ಕರೆದಿದೀರೇನ್ರೀ?"

 ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಏನಂತೆ?" ಎಂದು ಕೇಳಿದರು ಕಿವಿ ಮಂದವಾದ ಇಖ್ಬಾಲ್ ಮೇಡಂ. ಪಕ್ಕದವರು ಅವರ ಕಿವಿಯಲ್ಲಿ ಹೇಳಿದರು. ಆ ಮುದುಕಿ ಬಾಲ್ಕನಿಯ ಕಂಬಿಯ ಮೇಲೆ ಅರ್ಧ ಬಗ್ಗಿ, ಇಡೀ ಶುಬ್ರಾ ಬಡಾವಣೆಗೆ ಕೇಳುವ ಹಾಗೆ ಕೂಗಿದರು: "ನಾನ್ಯಾಕೆ ಕರೀಲಿ ಪೊಲೀಸ್ನೋರ್ನ? ಇಲ್ಲ!"

"ಇಲ್ಲ!" ಎಂದರು ಡಾಕ್ಟರ್ ರಮ್ಸೀಸ್. "ಇಲ್ಲ!" ಎಂದಿತು ನಾಲ್ಕನೇ ಮಹಡಿ. ಕಾಫಿ ಅಂಗಡಿಯವರು, ಅವರಿಗೂ ನಮ್ಮ ಕಟ್ಟಡಕ್ಕೂ ಸಂಬಂಧವೇ ಇಲ್ಲದಿದ್ದರೂ, ಮೇಜು ಬಡಿದು "ಇಲ್ಲ" ಎಂದರು. ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲಲ್ಲಿ ಹಸನಿಯ್ಯಾ ಕಟ್ಟಿದ ಗಂಟಿನ ಮೇಲೆ ಕೂತಿದ್ದಳು. ಶಾಜ್ಲಿ ಅವಳ ಪಕ್ಕದಲ್ಲಿ ನಿಂತಿದ್ದ.

ಕ್ಯಾಪ್ಟನ್ ಕನ್ನಡಕ ತೆಗೆದ. ಅವನ ಬಹುವಚನ ಅಲ್ಲಿಗೆ ಮುಗಿಯಿತು.

"ಏಯ್ ಕಾವಲುಗಾರ! ಕೊನೇ ಸಲ ಹೇಳ್ತಿದೀನಿ. ಬಾಗಿಲು ತೆಗಿ."

"ತೆಗೆಯಲ್ಲ," ಎಂದರು ವಗ್ದಿ.